ಮೊಟ್ಟೆ ಲೆಕ್ಕ ನೋಡಿ ಕೋಳಿ ತಂದೆ, ಕಾವಿಗೆ ಒಂದೂ ಕೂರಲಿಲ್ಲ

ಮೊದಲ ಸಲ ಕೋಳಿ ತರುವಾಗ ನಾನು ನೋಡಿದ್ದು ಒಂದೇ, ವರ್ಷಕ್ಕೆ ಎಷ್ಟು ಮೊಟ್ಟೆ ಅಂತ. ಹೈಬ್ರಿಡ್ ಲೇಯರ್, ಅಂದರೆ ಮೊಟ್ಟೆಗೆಂದೇ ಬೆರಕೆ ಮಾಡಿದ ಕೋಳಿ, 300ರ ಹತ್ತಿರ ಇಡುತ್ತದೆ ಅಂದರು. ಹನ್ನೆರಡು ತಂದೆ. ಮೊದಲ ವರ್ಷ ಮೊಟ್ಟೆ ಹಂಚಿ ಹಂಚಿ ಸಾಕಾಯಿತು. ಎರಡನೇ ವರ್ಷ ಪುಕ್ಕ ಉದುರಿಸಿದ ಮೇಲೆ ಬುಟ್ಟಿ ತುಂಬಲೇ ಇಲ್ಲ. ಮರಿ ಮಾಡಿಸೋಣ ಅಂದರೆ ಒಂದು ಹೇಂಟೆಯೂ ಕಾವಿಗೆ ಕೂರಲಿಲ್ಲ. ಮೊಟ್ಟೆ ಇಟ್ಟು, ಊರೆಲ್ಲ ಕೇಳುವ ಹಾಗೆ ಕೂಗಿ, ಎದ್ದು ಹೋಗುತ್ತಿದ್ದವು.

ಇನ್‌ಕ್ಯುಬೇಟರ್‌ನಲ್ಲಿ ಮರಿ ಮಾಡಿಸಿದೆ. ಅವು ತಾಯಿಯ ಹಾಗೆ ಬರಲಿಲ್ಲ. ಹೈಬ್ರಿಡ್‌ನ ಗುಣ ಮರಿಗಳಲ್ಲಿ ಚದುರಿಹೋಗುತ್ತದೆ. ಒಂದು ಚೆನ್ನಾಗಿ ಇಡುತ್ತದೆ, ಇನ್ನೊಂದು ಸುಮ್ನೆ ತಿಂದುಕೊಂಡಿರುತ್ತದೆ. ಎರಡು ವರ್ಷಕ್ಕೊಮ್ಮೆ ಹೊಸ ಮರಿ ಕೊಳ್ಳಬೇಕಾದರೆ ಅದು ಸ್ವಾವಲಂಬನೆ ಹೇಗಾದೀತು?

ಆಮೇಲೆ ರೋಡ್ ಐಲ್ಯಾಂಡ್ ರೆಡ್ ತಂದೆ. ಎಂಟು ಹೇಂಟೆ, ಒಂದು ಹುಂಜ. ಶುದ್ಧ ತಳಿ, ಹಾಗಾಗಿ ಮರಿಗಳೂ ಅದೇ ಗುಣದವು. ಮೊಟ್ಟೆ ಸ್ವಲ್ಪ ಕಡಿಮೆ, ಆದರೆ ನನ್ನ ಕಣ್ಣು ಈಗ ಹುಂಜಗಳ ಮೇಲಿತ್ತು. ಮರಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಹುಂಜಗಳೇ ಅಲ್ವಾ? ಮೊಟ್ಟೆಗೆಂದೇ ಸಾಕುವ ಲೆಗಾರ್ನ್ ತಳಿಯ ಹುಂಜ ಎಷ್ಟು ತಿಂದರೂ ಮೈ ತುಂಬುವುದಿಲ್ಲ. ರೆಡ್ ಹುಂಜ ಐದಾರು ತಿಂಗಳಿಗೆ ಅಡುಗೆಗೆ ಆಗುತ್ತದೆ. ಬ್ರಾಯ್ಲರ್ ಆರೇಳು ವಾರಕ್ಕೇ ಬೆಳೆಯುತ್ತದೆ ನಿಜ, ಆದರೆ ಅದನ್ನು ಮರಿಗಾಗಿ ಉಳಿಸಿಕೊಳ್ಳಲು ಹೋದರೆ ತನ್ನ ಭಾರಕ್ಕೇ ಕಾಲು ಸೋಲುತ್ತದೆ.

ಆದರೆ ರೆಡ್‌ಗೂ ಕಾವಿನ ಹುಚ್ಚು ಕಡಿಮೆ. ಅದಕ್ಕೇ ಎರಡು ನಾಟಿ ಹೇಂಟೆ ಸೇರಿಸಿಕೊಂಡೆ. ಅವು ವರ್ಷಕ್ಕೆ ಇಡುವ ಮೊಟ್ಟೆ ನೋಡಿದರೆ ನಗು ಬರುತ್ತದೆ. ಕಾವಿಗೆ ಕೂತಾಗ ಅದೂ ಬಂದ್. ಆದರೆ 21 ದಿನ ಗಟ್ಟಿಯಾಗಿ ಕೂರುತ್ತವೆ. ಒಂದೊಂದರ ಕೆಳಗೆ ಹತ್ತು ರೆಡ್ ಮೊಟ್ಟೆ ಇಡುತ್ತೇನೆ. ಎಲ್ಲದರ ಮೇಲೂ ಪೆನ್ಸಿಲ್ ಗುರುತು ಹಾಕಬೇಕು, ಇಲ್ಲದಿದ್ದರೆ ಬೇರೆ ಕೋಳಿಗಳು ಅಲ್ಲೇ ಬಂದು ಇಟ್ಟು ಲೆಕ್ಕ ತಪ್ಪಿಸುತ್ತವೆ. ಏಳನೇ ರಾತ್ರಿ ಟಾರ್ಚ್ ಹಿಡಿದು ನೋಡಿ, ಒಳಗೆ ರಕ್ತನಾಳ ಕಾಣದ, ಅಂದರೆ ಮರಿ ಬೆಳೆಯದ, ಮೊಟ್ಟೆ ತೆಗೆಯುತ್ತೇನೆ. ಮರಿಯನ್ನು ಬೆಚ್ಚಗಿಡಲು ಬಲ್ಬ್ ಬೇಡ, ಕೆದಕಲು ಕಲಿಸುವುದೂ ಬೇಡ. ಹದ್ದಿನ ನೆರಳು ಕಂಡರೆ ತಾಯಿಯ ಒಂದೇ ಕೂಗಿಗೆ ಎಲ್ಲ ರೆಕ್ಕೆಯಡಿ ಸೇರಿಬಿಡುತ್ತವೆ.

ನಾಟಿಗಳಲ್ಲಿ ಒಂದಕ್ಕೆ ವಯಸ್ಸಾಗಿದೆ. ಅದರ ಮಗಳು, ಅರ್ಧ ರೆಡ್, ಎರಡು ದಿನದಿಂದ ಗೂಡು ಬಿಟ್ಟು ಏಳುತ್ತಿಲ್ಲ. ಕೈ ಹಾಕಿದರೆ ಪುಕ್ಕ ಕೆದರಿ ಕುಕ್ಕುತ್ತಾಳೆ. ನಾಳೆ ಕತ್ತಲಾದ ಮೇಲೆ ಅವಳ ಕೆಳಗೂ ಮೊಟ್ಟೆ ಇಡಬೇಕು.