ಮೊದಲ ಗ್ರೂಪ್ ರೈಡ್: ಬೈಕ್ ಕ್ಲಬ್ ಜೊತೆ ಕ್ಯಾತ್ಸಂದ್ರದವರೆಗೆ

ಭಾನುವಾರ ಬೆಳಗಿನ ಜಾವ ಐದೂವರೆಗೆ ತುಮಕೂರು ರಸ್ತೆಯ ಕಡೆ ಹೋದರೆ, ಯಾವುದಾದರೂ ಪೆಟ್ರೋಲ್ ಬಂಕ್ ಮುಂದೆ ಹತ್ತು ಹನ್ನೆರಡು ಬೈಕ್‌ಗಳು ಸಾಲಾಗಿ ನಿಂತಿರುತ್ತವೆ. ಬೆಂಗಳೂರಿನ ಬೈಕ್ ಕ್ಲಬ್‌ಗಳ ಬ್ರೇಕ್‌ಫಾಸ್ಟ್ ರೈಡ್ ಶುರುವಾಗುವುದು ಹೀಗೆ. ನೆಲಮಂಗಲ, ದಾಬಸ್‌ಪೇಟೆ ದಾಟಿ, ತುಮಕೂರಿಗೆ ಅಂಟಿಕೊಂಡಿರುವ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಮನಸ್ಸಿದ್ದರೆ ಅಲ್ಲಿಂದ ದೇವರಾಯನದುರ್ಗ ಬೆಟ್ಟ, ಬಿಸಿಲೇರುವ ಹೊತ್ತಿಗೆ ವಾಪಸ್ ಮನೆ. ತುಮಕೂರಿಗೆ ಸುಮಾರು 70 ಕಿ.ಮೀ. ರಸ್ತೆ ಅಗಲವಾಗಿದೆ, ದಾರಿಯುದ್ದಕ್ಕೂ ಬಂಕ್ ಇವೆ, ಪಂಕ್ಚರ್ ಅಂಗಡಿ ಇವೆ. ಮೊದಲ ಸಲ ಗುಂಪಿನಲ್ಲಿ ಹೋಗುವವರಿಗೆ ನಾನು ಹೇಳುವುದು ಇದೇ ದಾರಿ.

ಮೊದಲು ಕ್ಲಬ್ ಆರಿಸಿ

ಬೈಕ್ ಯಾವುದು, ಜಾಕೆಟ್ ಎಷ್ಟರದ್ದು ಅನ್ನುವುದೆಲ್ಲ ಆಮೇಲೆ. ಕ್ಲಬ್‌ನವರಿಗೆ ಒಂದು ಪ್ರಶ್ನೆ ಕೇಳಿ: "ಹಿಂದೆ ಉಳಿದವರನ್ನು ಯಾರು ನೋಡ್ಕೋತಾರೆ?"

ನಾನು ಈ ಪ್ರಶ್ನೆ ಕೇಳದೆಯೇ ಹೊರಟಿದ್ದೆ. ಹಾಸನ ರಸ್ತೆ, ಹದಿನೈದು ಬೈಕ್, ಕೊನೆಯಲ್ಲಿ ನಾನು. ಕುಣಿಗಲ್ ದಾಟಿದ ಮೇಲೆ ಎರಡು ಲಾರಿ ನಡುವೆ ಬಂದವು, ಮುಂದಿನವರು ಕಣ್ಣಿಗೆ ಬೀಳದಂತಾದರು. ಅವರನ್ನು ಹಿಡಿಯಬೇಕು ಎಂದು ನನ್ನ ಬೈಕಿಗೂ ನನಗೂ ಹೊಂದದ ಸ್ಪೀಡಿನಲ್ಲಿ ಓಡಿಸಿದೆ. ಎದುರಿಗೆ ರಾಂಗ್ ಸೈಡಿನಲ್ಲಿ ಒಂದು ಟ್ರ್ಯಾಕ್ಟರ್ ಬಂತು. ತಪ್ಪಿಸಿಕೊಂಡು ರಸ್ತೆ ಬದಿಯ ಮಣ್ಣಿಗೆ ಇಳಿದೆ, ಬೀಳಲಿಲ್ಲ. ಅರ್ಧ ಗಂಟೆ ಅಲ್ಲೇ ಕೂತಿದ್ದೆ. ಯಾರೂ ತಿರುಗಿ ಬರಲಿಲ್ಲ, ಒಂದು ಫೋನೂ ಇಲ್ಲ.

ಮುಂದೆ ಬೇರೆ ಗುಂಪಿನ ಜೊತೆ ಹೋದಾಗ, ಅಲ್ಲಿನ ಹಿರಿಯರೊಬ್ಬರು ಹೊರಡುವ ಮೊದಲೇ ಹೇಳಿದರು: "ನಿಮಗೆ ಹೇಗೆ ಬರುತ್ತೋ ಹಾಗೆ ಬನ್ನಿ. ತಿರುವು ಬಂದ ಕಡೆ ನಾವು ನಿಂತಿರ್ತೀವಿ." ಇಂಥ ಮಾತು ಬಾಯಿಂದ ಬರುವ ಕ್ಲಬ್ ಸಿಗುವ ತನಕ ಹುಡುಕಿ.

ಹಳೆಯ ಜಾವಾ, ಯೆಜ್ಡಿ ಇಟ್ಟುಕೊಂಡವರ ಗುಂಪು ಸಿಕ್ಕರೆ ಬಿಡಬೇಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಗಾಡಿಗಳನ್ನು ಇಂದಿಗೂ ಓಡಿಸುವವರು ಬೆಂಗಳೂರು, ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಜೊತೆ ಸ್ಪೀಡ್ ಕಡಿಮೆ, ಕಲಿಯುವುದು ಜಾಸ್ತಿ. ಮಹಿಳೆಯರಿಗೆ ಮಹಿಳೆಯರದೇ ಗುಂಪುಗಳಿವೆ. 2011ರಲ್ಲಿ ಪುಣೆಯಲ್ಲಿ ಶುರುವಾದ 'ಬೈಕರ್ನಿ' ಅಂಥದ್ದೊಂದು.

ರೂಟ್ ಕೂಡ ಕೇಳಿಕೊಳ್ಳಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಇದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಆ ದಾರಿಯಲ್ಲಿರುವ ಬಿಡದಿಗೆ ರೈಡ್ ಹಾಕಿದವರು ಬೇರೆ ವಿಷಯಗಳಲ್ಲೂ ಹಾಗೇ ಇರಬಹುದು, ಅಲ್ವಾ?

ಹಿಂದಿನ ಸಂಜೆ

ಟ್ಯಾಂಕ್ ತುಂಬಿಸಿ. ಗಾಳಿ ಹಿಡಿಸಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ. ಬ್ರೇಕ್, ಹಿಂದಿನ ಲೈಟ್, ಇಂಡಿಕೇಟರ್, ಚೈನ್ ನೋಡಿ. ಟ್ಯೂಬ್ ಇರುವ ಟಯರ್ ಆದರೆ ಒಂದು ಟ್ಯೂಬ್ ಬ್ಯಾಗಿನಲ್ಲಿರಲಿ. ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಡಿಜಿಲಾಕರ್‌ನಲ್ಲಿದ್ದರೂ ಸಾಕು. ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಕೈಗೆ ಗ್ಲೌಸ್, ಹಿಮ್ಮಡಿಯ ಗಂಟು ಮುಚ್ಚುವ ಶೂ ಇಲ್ಲದಿದ್ದರೆ ದಯವಿಟ್ಟು ಈ ವಾರ ಹೋಗಬೇಡಿ. ಬಿದ್ದಾಗ ಮೊದಲು ನೆಲಕ್ಕೆ ಊರುವುದು ಅಂಗೈ.

ಮತ್ತೆ, ನಿದ್ದೆ ಮಾಡಿ. ನಾಲ್ಕೂವರೆಗೆ ಏಳಬೇಕೆಂದರೆ ಒಂಬತ್ತೂವರೆಗೆ ಮಲಗಬೇಕು.

ಬಂಕ್ ಮುಂದೆ

ಹೊರಡುವ ಮೊದಲು ಹತ್ತು ನಿಮಿಷ ಬ್ರೀಫಿಂಗ್ ಇರುತ್ತದೆ. ಮುಂದೆ ಹೋಗುವವರು ಲೀಡ್, ಕೊನೆಯಲ್ಲಿ ಬರುವವರು ಸ್ವೀಪ್. ಇಬ್ಬರ ಮುಖ, ಬೈಕು, ಫೋನ್ ನಂಬರ್ ತಿಳಿದುಕೊಳ್ಳಿ. "ಇದು ನನ್ನ ಮೊದಲ ಗ್ರೂಪ್ ರೈಡ್" ಎಂದು ಜೋರಾಗಿಯೇ ಹೇಳಿ. ಆಗ ನಿಮ್ಮನ್ನು ಲೀಡ್ ಹಿಂದೆಯೇ ನಿಲ್ಲಿಸುತ್ತಾರೆ, ನಿಲ್ಲಿಸಬೇಕು.

ಯಾಕೆ ಗೊತ್ತಾ? ಹನ್ನೆರಡು ಬೈಕಿನ ಸಾಲು ರಬ್ಬರ್ ಬ್ಯಾಂಡ್ ಇದ್ದಂತೆ. ಲೀಡ್ ಸ್ವಲ್ಪ ಸ್ಪೀಡ್ ಏರಿಸಿದರೆ ಎರಡನೆಯವರು ಒಂದು ಕ್ಷಣ ತಡವಾಗಿ ಏರಿಸುತ್ತಾರೆ, ಮೂರನೆಯವರು ಇನ್ನೊಂದು ಕ್ಷಣ ತಡ. ಹೀಗೆ ತಡ ಸೇರಿ ಸೇರಿ ಕೊನೆಯವರ ಮುಂದೆ ದೊಡ್ಡ ಅಂತರ ಬಿದ್ದಿರುತ್ತದೆ. ಅದನ್ನು ತುಂಬಲು ಅವರು ಲೀಡ್‌ಗಿಂತ ಎಷ್ಟೋ ಜಾಸ್ತಿ ಸ್ಪೀಡಿನಲ್ಲಿ ಬರಬೇಕಾಗುತ್ತದೆ. ಮುಂದೆ 70ರಲ್ಲಿ ಆರಾಮಾಗಿ ಹೋಗುತ್ತಿರುವಾಗ ಹಿಂದೆ 90 ಮುಟ್ಟಿರುತ್ತದೆ. ಹೊಸಬರನ್ನು ಕೊನೆಯಲ್ಲಿ ಬಿಡುವುದೆಂದರೆ ಅತಿ ಕಷ್ಟದ ಜಾಗ ಅವರಿಗೇ ಕೊಟ್ಟಂತೆ. ಒಂದು ಗುಂಪಿಗೆ ಐದರಿಂದ ಏಳು ಬೈಕ್ ಸಾಕು. ಜಾಸ್ತಿ ಜನ ಇದ್ದರೆ ಎರಡು ಗುಂಪು ಮಾಡಿ ಎಂದು ಕೇಳಲು ಸಂಕೋಚ ಬೇಡ.

ಹೆದ್ದಾರಿಯಲ್ಲಿ

ಗುಂಪು ಸಾಗುವುದು ಓರೆ ಸಾಲಿನಲ್ಲಿ, ರಂಗೋಲಿಯ ಚುಕ್ಕಿ ಒಂದು ಬಿಟ್ಟು ಒಂದು ಇಟ್ಟ ಹಾಗೆ. ಲೀಡ್ ಲೇನಿನ ಬಲಭಾಗದಲ್ಲಿ, ನೀವು ಎಡಭಾಗದಲ್ಲಿ, ನಿಮ್ಮ ಹಿಂದಿನವರು ಮತ್ತೆ ಬಲಕ್ಕೆ. ಓರೆಯಾಗಿ ಮುಂದಿರುವ ಬೈಕಿಗೂ ನಿಮಗೂ ಒಂದು ಸೆಕೆಂಡ್ ಅಂತರ, ನೇರ ಮುಂದಿರುವ ಬೈಕಿಗೆ ಎರಡು ಸೆಕೆಂಡ್. ಅಳೆಯುವುದು ಸುಲಭ. ನೇರ ಮುಂದಿನವರು ಒಂದು ಲೈಟ್ ಕಂಬ ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು" ಎಂದು ಎಣಿಸಿ. ಅಷ್ಟು ಹೇಳುವ ಮೊದಲೇ ನೀವು ಕಂಬ ಮುಟ್ಟಿದರೆ ತೀರಾ ಹತ್ತಿರ ಇದ್ದೀರಿ. 80 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಎಂದರೆ ಸುಮಾರು 44 ಮೀಟರ್. ಮಳೆ ಬಂದರೆ, ಚಳಿಗಾಲದಲ್ಲಿ ಮಂಜು ಮುಸುಕಿದ್ದರೆ ಅಂತರ ಎರಡರಷ್ಟು ಮಾಡಿ.

ಮುಂದಿನವರ ಹಿಂದಿನ ಲೈಟನ್ನೇ ದಿಟ್ಟಿಸಬೇಡಿ. ಅವರು ಗುಂಡಿಗೆ ಬಿದ್ದರೆ ನೀವೂ ಬೀಳುತ್ತೀರಿ. ಅವರನ್ನು ದಾಟಿ ರಸ್ತೆ ನೋಡಿ.

ಸನ್ನೆಗಳು ಎಡಗೈಯಲ್ಲಿ, ಬಲಗೈ ಆಕ್ಸಿಲರೇಟರ್ ಮೇಲೆ ಇರುತ್ತದಲ್ಲ. ಕೈ ಎತ್ತಿ ಒಂದು ಬೆರಳು ತೋರಿಸಿದರೆ ಒಬ್ಬರ ಹಿಂದೆ ಒಬ್ಬರು. ಎರಡು ಬೆರಳು ಎಂದರೆ ಮತ್ತೆ ಓರೆ ಸಾಲು. ಕಾಲು ಚಾಚಿದರೆ ಆ ಬದಿಯಲ್ಲಿ ಗುಂಡಿಯೋ ಕಲ್ಲೋ ಇದೆ. ಟ್ಯಾಂಕ್ ಕಡೆ ಬೆರಳು ಮಾಡಿದರೆ ಪೆಟ್ರೋಲ್ ಬೇಕು. ನೀವೂ ಅದೇ ಸನ್ನೆ ಮಾಡಿ ಹಿಂದಿನವರಿಗೆ ದಾಟಿಸಬೇಕು. ಆದರೆ ಎರಡೂ ಕೈ ಹ್ಯಾಂಡಲ್ ಮೇಲೆ ಬೇಕಾದ ಜಾಗವಾದರೆ ಸನ್ನೆ ಬಿಟ್ಟುಬಿಡಿ.

ಲಾರಿ ಓವರ್‌ಟೇಕ್ ಮಾಡುವಾಗ ಮುಂದಿನವರು ಹೋದರೆಂದು ನೀವು ನುಗ್ಗಬಾರದು. ಅವರಿಗೆ ಖಾಲಿ ಇದ್ದ ರಸ್ತೆ ನಿಮಗೆ ಖಾಲಿ ಇರಬೇಕೆಂದಿಲ್ಲ. ಪ್ರತಿ ಸಲವೂ ನಿಮ್ಮ ಕಣ್ಣು, ನಿಮ್ಮ ಕನ್ನಡಿ. ಗುಂಪು ಕಣ್ಣಿಗೆ ಕಾಣದಂತಾದರೂ ಪರವಾಗಿಲ್ಲ, ನಿಮ್ಮ ಸ್ಪೀಡಿನಲ್ಲೇ ನೇರ ಹೋಗಿ. ಒಳ್ಳೆಯ ಗುಂಪು ತಿರುವಿನಲ್ಲಿ ಒಬ್ಬರನ್ನು ನಿಲ್ಲಿಸಿರುತ್ತದೆ.

ಇಡ್ಲಿ ಆದ ಮೇಲೆ

ದೇವರಾಯನದುರ್ಗದ ಕಡೆ ತಿರುಗಿದರೆ ರಸ್ತೆ ಕಿರಿದಾಗುತ್ತದೆ. ಊರೊಳಗಿನ ಹಂಪ್‌ಗಳಿಗೆ ಎಷ್ಟೋ ಕಡೆ ಬಿಳಿ ಬಣ್ಣವೇ ಇರುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಹಳ್ಳಿ ರಸ್ತೆಯಲ್ಲಿ ರಾಗಿ, ಹುರುಳಿ ಹರಡಿರುತ್ತಾರೆ. ಹುರುಳಿಯ ಮೇಲೆ ಬ್ರೇಕ್ ಹಿಡಿದರೆ ಟಯರ್ ಜಾರುತ್ತದೆ, ಬಳ್ಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಮೊದಲೇ ನಿಧಾನ ಮಾಡಿ, ಬದಿಯಲ್ಲಿ ಜಾಗ ಹುಡುಕಿ. ಬೆಟ್ಟದ ತಿರುವುಗಳಲ್ಲಿ ಒಬ್ಬರ ಹಿಂದೆ ಒಬ್ಬರು. ತಿರುವಿಗೆ ಮುಂಚೆಯೇ ಬ್ರೇಕ್ ಮುಗಿದಿರಬೇಕು. ಕೋತಿಗಳಿವೆ, ಬ್ಯಾಗಿನ ಜಿಪ್ ಹಾಕಿ.

ಕೈ ನೋಯುತ್ತಿದ್ದರೆ, ಕಣ್ಣು ಎಳೆಯುತ್ತಿದ್ದರೆ ಬೆಟ್ಟ ಬಿಡಿ. ಲೀಡ್‌ಗೆ ಹೇಳಿ ಕ್ಯಾತ್ಸಂದ್ರದಿಂದಲೇ ವಾಪಸ್ ಬನ್ನಿ. ಹೇಳದೆ ಮಾತ್ರ ಹೊರಡಬೇಡಿ, ಸ್ವೀಪ್ ನಿಮ್ಮನ್ನು ಹುಡುಕುತ್ತಾ ನಿಲ್ಲುತ್ತಾರೆ. ದಾರಿಯಲ್ಲಿ ಏನಾದರೂ ಆದರೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033.

ಮನೆ ಮುಟ್ಟಿದ ತಕ್ಷಣ ವಾಟ್ಸ್ಆ್ಯಪ್ ಗುಂಪಿನಲ್ಲಿ "ತಲುಪಿದೆ" ಎಂದು ಹಾಕಿ. ಆಮೇಲೆ ಹೆಲ್ಮೆಟ್ ತೆಗೆದಿಟ್ಟು, ಇಂಜಿನ್ ಆಫ್ ಮಾಡಿ, ಚೈನ್ ಇನ್ನೂ ಬೆಚ್ಚಗಿರುವಾಗಲೇ ಒರೆಸಿ ಲೂಬ್ (ಚೈನಿನ ಎಣ್ಣೆ) ಹಾಕಿ.