ಪದೇ ಪದೇ ತಲೆನೋವು ಬರ್ತಿದ್ರೆ ಮೊದ್ಲು ಇಷ್ಟು ನೋಡ್ಕೊಳ್ಳಿ

ತಲೆನೋವು ಅಂದ ತಕ್ಷಣ ಮಾತ್ರೆಗೆ ಕೈ ಹಾಕ್ಬೇಡಿ, ಬೆಳಿಗ್ಗೆಯಿಂದ ಏನು ತಿಂದ್ರಿ ಎಷ್ಟು ನೀರು ಕುಡಿದ್ರಿ ಅಂತ ಮೊದ್ಲು ನೆನಪು ಮಾಡ್ಕೊಳ್ಳಿ. ನಮ್ಮಮ್ಮ ಏಕಾದಶಿ ದಿನ ಸಂಜೆ ಆಗ್ತಿದ್ದಂಗೆ ಹಣೆಗೆ ಬಟ್ಟೆ ಬಿಗಿದು ಕತ್ತಲೆ ರೂಮಲ್ಲಿ ಮಲಗ್ತಿದ್ರು, ಊಟನೂ ಇಲ್ಲ ಕಾಫಿನೂ ಇಲ್ಲ, ನೋವು ಬರ್ದೆ ಇನ್ನೇನಾಗುತ್ತೆ ಹೇಳಿ. ದಿನಾ ಕಾಫಿ ಕುಡಿಯೋರು ಒಂದೇ ಸಲ ನಿಲ್ಸಿದ್ರೆ 12ರಿಂದ 24 ಗಂಟೆ ಒಳಗೆ ತಲೆ ಹಿಡ್ಕೊಳ್ಳಬಹುದು, ಬಿಡ್ಬೇಕು ಅಂದ್ರೆ ಸ್ವಲ್ಪ ಸ್ವಲ್ಪನೇ ಕಮ್ಮಿ ಮಾಡಿ.

ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂರೋರು ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಏರಿಸಿ, 20 ನಿಮಿಷಕ್ಕೊಮ್ಮೆ 20 ಅಡಿ ದೂರ 20 ಸೆಕೆಂಡ್ ನೋಡಿ, ಹಾಗೇ ಎದ್ದು ಭುಜ ಆಡಿಸಿ. ಭಾನುವಾರನೂ ಅದೇ ಟೈಮಿಗೆ ಏಳಿ. ಮೈಗ್ರೇನ್ ಇರೋರಿಗೆ ನಿದ್ದೆ ಏರುಪೇರಾದ್ರೂ ಬಿಸಿಲಲ್ಲಿ ಅಲೆದ್ರೂ ಶುರುವಾಗ್ಬಹುದು, ಅದಕ್ಕೆ ಕ್ಯಾಲೆಂಡರ್ ಮೇಲೆ ನೋವು ಬಂದ ದಿನಕ್ಕೆ ಒಂದು ಗುರುತು ಹಾಕಿ, ಪಕ್ಕದಲ್ಲಿ ಹಿಂದಿನ ದಿನ ಏನಾಗಿತ್ತು ಅಂತ ಬರೀರಿ, ಎರಡು ತಿಂಗಳಲ್ಲಿ ನಿಮಗೇ ಗೊತ್ತಾಗುತ್ತೆ.

ಇದನ್ನ ಬಹಳ ಜನ ನಂಬಲ್ಲ, ಆದ್ರೆ ಪದೇ ಪದೇ ತಗೊಂಡ್ರೆ ನೋವಿನ ಮಾತ್ರೆನೇ ತಲೆನೋವು ತರ್ಬಹುದು. ಪ್ಯಾರಾಸಿಟಮಾಲ್ ಥರದ್ದನ್ನ ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಹಾಗೆ 3 ತಿಂಗಳ ಮೇಲೆ ತಗೊಳ್ತಿದ್ರೆ ಡಾಕ್ಟರ್ ಹತ್ರ ಮಾತಾಡಿ.

ಸಿಡಿಲು ಹೊಡೆದಂಗೆ ಇದ್ದಕ್ಕಿದ್ದಂಗೆ ನೋವು ಬಂದ್ರೆ, ಜ್ವರದ ಜೊತೆ ಕತ್ತು ಬಿಗಿದ್ರೆ, ಮಾತು ತೊದಲಿದ್ರೆ, ಕೈಕಾಲು ಸೋತ್ರೆ ಒಂದು ನಿಮಿಷನೂ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.