ನಿಮ್ಮೂರಿನ ಹತ್ತೊಂಬತ್ತನೇ ಶತಮಾನದ ಗಣ್ಯರ ಪಟ್ಟಿ ಮಾಡುವುದು ಹೇಗೆ

ಸಮ್ಮೇಳನದ ಸ್ಮರಣ ಸಂಚಿಕೆಗೆ ‘ನಮ್ಮೂರ ಮಹನೀಯರು’ ಲೇಖನ ಬೇಕೆಂದಾಗ ಹೆಚ್ಚಿನವರು ಹಳೆಯ ಸಂಚಿಕೆಯಿಂದಲೇ ಹೆಸರು ಇಳಿಸಿಕೊಳ್ಳುತ್ತಾರೆ. ತಪ್ಪುಗಳೂ ಹಾಗೇ ಇಳಿದು ಬರುತ್ತವೆ.

ಮೊದಲು ಯಾರನ್ನು ಸೇರಿಸಬೇಕು ಎಂದು ಗೆರೆ ಎಳೆಯಿರಿ. ಹುಟ್ಟು ಆ ಊರಿನಲ್ಲಿ, ಕೆಲಸ ಆ ಶತಮಾನದಲ್ಲಿ ಆಗಿದ್ದರೆ ಸಾಕು. 1801ರ ನಂತರ ಹುಟ್ಟಿದವರೇ ಬೇಕೆಂದು ಹಟ ಹಿಡಿದರೆ 1798ರಲ್ಲಿ ಹುಟ್ಟಿದ ರಾಯಣ್ಣ ಸಂಗೊಳ್ಳಿಯ ಪಟ್ಟಿಯಿಂದಲೇ ಬಿದ್ದುಹೋಗುತ್ತಾನೆ. ನಂದಗಡದಲ್ಲಿ ಅವನ ಸಮಾಧಿ ಇದೆ, ಆದರೆ ಆ ಊರಿನ ಪಟ್ಟಿಗೆ ಅವನು ಸೇರುವುದಿಲ್ಲ. ಹಾಗೆಯೇ ಕಿತ್ತೂರು ಚೆನ್ನಮ್ಮ ಹುಟ್ಟಿದ್ದು ಕಿತ್ತೂರಿನಲ್ಲಲ್ಲ, ಕಾಕತಿಯಲ್ಲಿ.

ಹೆಸರಿನ ಮುಂದಿರುವ ಊರನ್ನು ನಂಬಬೇಡಿ. ವಿಶ್ವೇಶ್ವರಯ್ಯನವರ ಹೆಸರಿನ ಮೋಕ್ಷಗುಂಡಂ ಆಂಧ್ರದಲ್ಲಿರುವ ಪೂರ್ವಿಕರ ಊರು. ಅವರು ಹುಟ್ಟಿದ್ದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ಆಲೂರು ವೆಂಕಟರಾಯರು ಹುಟ್ಟಿದ್ದು ವಿಜಯಪುರದಲ್ಲಿ. ಇನ್ನೊಂದು ತೊಡಕು ಬಾಣಂತನದ್ದು: ಚೊಚ್ಚಲ ಮಗು ತಾಯಿಯ ತವರಿನಲ್ಲಿ ಹುಟ್ಟುವುದೇ ವಾಡಿಕೆ. ಆದ್ದರಿಂದ ಮನೆಯವರನ್ನು ‘ಅವರ ತಾಯಿಯ ತವರು ಯಾವುದು?’ ಎಂದು ಕೇಳಲೇಬೇಕು. ಹುಟ್ಟಿದ ಊರು, ಬೆಳೆದ ಊರು ಎಂದು ಎರಡು ಕಾಲಂ ಇಟ್ಟರೆ ಜಗಳ ಅರ್ಧ ಕಡಿಮೆ.

ಮಾಹಿತಿಗೆ ದೇವಸ್ಥಾನದಿಂದ ಶುರುಮಾಡಿ. ಗಂಟೆ, ದೀಪದ ಕಂಬ, ಪ್ರಭಾವಳಿಗಳ ಮೇಲೆ ಕೊಟ್ಟವರ ಹೆಸರು ಕೊರೆದಿರುತ್ತದೆ. ಕಲ್ಲಿನ ಬರಹವಾದರೆ ನೀರು, ಮೆತ್ತನೆಯ ಬ್ರಷ್ ಸಾಕು. ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರದ ನೆರಳೂ ಏಳುತ್ತದೆ. ಸುಣ್ಣ, ಎಣ್ಣೆ ಹಚ್ಚಬೇಡಿ. ಹಳೆ ಮೈಸೂರಿನ ಊರಾದರೆ ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಪುಟ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ನಿಮ್ಮ ತಾಲ್ಲೂಕಿನ ಭಾಗ ತೆರೆಯಿರಿ. ಉತ್ತರ ಕರ್ನಾಟಕದಲ್ಲಿ ಮನೆತನಗಳ ವಂಶಾವಳಿ ಇಟ್ಟುಕೊಂಡಿರುವ ಹೆಳವರು ಬಂದಾಗ ಅದನ್ನು ಓದಿಸಿ. ಕುಲಕರ್ಣಿ ಮನೆತನಗಳ ಕಡತ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲಿದ್ದರೆ ಫೋಟೋ ತೆಗೆದು ಬಲ್ಲವರಿಗೆ ತೋರಿಸಿ.

ಹೆಚ್ಚು ಎಡವುವುದು ವರ್ಷದಲ್ಲಿ. ಜಾತಕದಲ್ಲಿ ಇಸವಿ ಇರುವುದಿಲ್ಲ, ಸಂವತ್ಸರ ಇರುತ್ತದೆ. ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದು ಪ್ರಭವ; ಆ ಶತಮಾನದಲ್ಲಿ ಅದು ಬಂದದ್ದು 1807ರಲ್ಲಿ, ಮತ್ತೆ 1867ರಲ್ಲಿ. ಸಂವತ್ಸರದ ಕ್ರಮಸಂಖ್ಯೆಯಲ್ಲಿ ಒಂದು ಕಳೆದು ಇವುಗಳಿಗೆ ಕೂಡಿಸಿ. ರೌದ್ರಿ 54ನೆಯದು: 1807ಕ್ಕೆ 53 ಕೂಡಿಸಿದರೆ 1860. ಆದರೆ ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಅದೇ ರೌದ್ರಿಯ ಮಾಘ ಮಾಸವೆಂದರೆ 1861 ಆಗಿಬಿಟ್ಟಿರುತ್ತದೆ. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ, ಸಂವತ್ಸರದೊಂದಿಗೆ ತಾಳೆ ನೋಡಿ: 1789 ಎಂದರೆ 1867, ಪ್ರಭವ. ಒಂದು ವರ್ಷ ಹೆಚ್ಚುಕಡಿಮೆ ಬಂದರೆ ಬರೆದವರು ಮುಗಿದ ಶಕವರ್ಷಗಳನ್ನಷ್ಟೇ ಎಣಿಸದೆ ನಡೆಯುತ್ತಿರುವ ವರ್ಷವನ್ನೂ ಸೇರಿಸಿ ಎಣಿಸಿರಬಹುದು. ಕ್ರೋಧಿಯನ್ನು ಕ್ರೋಧನ ಎಂದು ಓದಿದಿರೋ, 21 ವರ್ಷ ಹೋಯಿತು.

ಇದಕ್ಕಿಂತ ದೊಡ್ಡ ಅಪಾಯ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ. ಸಂವತ್ಸರ ಮರಳಿ ಬರುವುದು 60 ವರ್ಷಕ್ಕೆ; ತಾತ–ಮೊಮ್ಮಗನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ತಾತ ಕಟ್ಟಿಸಿದ ಕೆರೆ, ಮೊಮ್ಮಗ ನಡೆಸಿದ ಶಾಲೆ ಒಬ್ಬನ ಖಾತೆಗೇ ಜಮೆಯಾಗುವುದು ಹೀಗೆ. ಪ್ರತಿ ಹೆಸರಿಗೂ ತಂದೆಯ ಹೆಸರು ಸೇರಿಸಿ ಬರೆದುಕೊಂಡರೆ ಇಬ್ಬರೂ ಬೇರೆಯಾಗುತ್ತಾರೆ.

ಕಾವ್ಯನಾಮಗಳನ್ನೂ ಒಡೆಯಬೇಕು. ಮುದ್ದಣ ಎಂದು ಹುಡುಕಿದರೆ ಊರಿನ ಕಾಗದಪತ್ರದಲ್ಲಿ ಸಿಗಲಿಕ್ಕಿಲ್ಲ, ನಂದಳಿಕೆಯ ಲಕ್ಷ್ಮೀನಾರಾಯಣಪ್ಪ ಎಂದು ಹುಡುಕಬೇಕು.

ಬರೆಯುವಾಗ ಪ್ರತಿ ಸಾಲಿನ ಮುಂದೆ ಆಧಾರ ನಮೂದಿಸಿ: ಗಂಟೆ, ಜಾತಕ, ಹೆಳವರ ಪುಸ್ತಕ, ಬಾಯಿಮಾತು. ಎರಡು ಆಧಾರ ಹೊಂದದಿದ್ದರೆ ಎರಡನ್ನೂ ಕೊಡಿ. ವಿಶ್ವೇಶ್ವರಯ್ಯನವರ ಹುಟ್ಟಿದ ವರ್ಷವೇ ಒಂದೆಡೆ 1860, ಇನ್ನೊಂದೆಡೆ 1861 ಎಂದು ಅಚ್ಚಾಗುತ್ತಿರುವಾಗ ನಿಮ್ಮೂರ ಶಾನುಭೋಗರ ವಿಷಯದಲ್ಲಿ ಸಂಕೋಚವೇನೂ ಬೇಡ.